ಕೂಡಿ ಬಾರಿಸುವ ಭೇರಿ

ಜಪಾನಿನ ಪುರಾಣಗಳಲ್ಲಿ ಒಂದು ರಮ್ಯವಾದ ಕಥೆಯುಂಟು. ಸೂರ್ಯದೇವಿಯಾದ ಅಮತೆರಾಸು ತನ್ನ ತಮ್ಮನ ಪುಂಡಾಟದಿಂದ ಮನನೊಂದು ಗುಹೆಯೊಂದನ್ನು ಹೊಕ್ಕು, ಬಾಗಿಲಿಗೆ ಬಂಡೆಯನ್ನು ಅಡ್ಡವಿಟ್ಟುಕೊಂಡಳಂತೆ. ಲೋಕಕ್ಕೆಲ್ಲ ಕತ್ತಲು ಕವಿಯಿತು. ಕಂಗೆಟ್ಟ ದೇವತೆಗಳು ಗುಹೆಯ ಮುಂದೆ ನೆರೆದರು. ಆಗ ಉಝುಮೆ ಎಂಬ ದೇವಿ ಒಂದು ತೊಟ್ಟಿಯನ್ನು ಬೋರಲು ಹಾಕಿ, ಅದರ ಮೇಲೇರಿ, ಅದು ದಡದಡನೆ ದನಿಗೈಯುವಂತೆ ಹೆಜ್ಜೆಯಿಟ್ಟು ಕುಣಿದಳು. ದೇವತೆಗಳೆಲ್ಲ ಬಿದ್ದು ಬಿದ್ದು ನಕ್ಕರು. ತಾನಿಲ್ಲದ ಲೋಕದಲ್ಲಿ ಇಷ್ಟೊಂದು ಸಂಭ್ರಮವೇ ಎಂದು ಸೂರ್ಯದೇವಿ ಕುತೂಹಲದಿಂದ ಹೊರಗೆ ಇಣುಕಿದಳು. ಲೋಕಕ್ಕೆ ಬೆಳಕು ಮರಳಿತು. 712ರಲ್ಲಿ ಸಿದ್ಧವಾದ ‘ಕೊಜಿಕಿ’ ಎಂಬ ಪ್ರಾಚೀನ ಗ್ರಂಥದಲ್ಲಿ ಬರುವ ಈ ಕಥೆಯನ್ನು ಇಂದಿನ ಭೇರಿವಾದಕರು ತಮ್ಮ ಕಲೆಯ ಮೂಲವೆಂದು ಶಿಷ್ಯರಿಗೆ ಹೇಳುವುದುಂಟು. ಕಥೆ ಕಥೆಯೇ ಇರಬಹುದು. ಆದರೆ ಕತ್ತಲಿನಲ್ಲಿ ಕುಳಿತವರನ್ನು ಬೆಳಕಿಗೆ ಕರೆಯುವ ಶಕ್ತಿ ಭೇರಿಯ ದನಿಗುಂಟೆಂಬ ಮಾತು ಮಾತ್ರ ಬರಿಯ ಪುರಾಣವಲ್ಲ. ಕಳೆದ ಶತಮಾನದ ಉತ್ತರಾರ್ಧದಲ್ಲಿ ಅದು ಹಲವರ ಬಾಳಿನಲ್ಲಿ ನಿಜವಾಯಿತು.

ಈ ಭೇರಿಯ ಹೆಸರು ತೈಕೊ. ಇಂದು ಜಪಾನಿನಲ್ಲಿ ಮಾತ್ರವಲ್ಲ, ಅಮೆರಿಕ, ಯೂರೋಪು, ಆಸ್ಟ್ರೇಲಿಯಗಳ ಅನೇಕ ನಗರಗಳಲ್ಲಿ ಸಾಮಾನ್ಯ ಗೃಹಸ್ಥರು, ಗೃಹಿಣಿಯರು, ಶಾಲೆಯ ಮಕ್ಕಳು, ನಿವೃತ್ತರು ರಜೆಯ ದಿನಗಳಲ್ಲಿ ಒಂದೆಡೆ ಸೇರಿ ತೈಕೊ ಕಲಿಯುತ್ತಾರೆ. ಸಂಗೀತದ ಗಂಧವೇ ಇಲ್ಲದವರು ಕೂಡ ಒಂದೆರಡು ಗಂಟೆಯ ಕಮ್ಮಟಕ್ಕೆ ಬಂದು, ಬೆವರು ಸುರಿಸಿ, ಅಂಗೈಯಲ್ಲಿ ಬೊಬ್ಬೆ ಎಬ್ಬಿಸಿಕೊಂಡು, ನಗುನಗುತ್ತ ಮನೆಗೆ ಮರಳುತ್ತಾರೆ. ಗುರುವೊಬ್ಬನ ಮುಂದೆ ಶಿಷ್ಯನೊಬ್ಬ ವರ್ಷಗಟ್ಟಲೆ ಕುಳಿತು ಕಲಿಯುವ ವಾದ್ಯಗಳನ್ನಷ್ಟೇ ಬಲ್ಲವರಿಗೆ ಇದು ವಿಚಿತ್ರವೆನಿಸೀತು. ಈ ಕಲೆಯನ್ನು ಗುಂಪಿನಲ್ಲಿಯೇ ಕಲಿಯುವುದೇಕೆ? ಹಾಗೆ ಕಲಿತವರಿಗೆ ದೊರೆಯುವುದಾದರೂ ಏನು?

ಹಳೆಯ ಭೇರಿ, ಹೊಸ ಕಲೆ

ಭೇರಿ ಜಪಾನಿಗೆ ಹೊಸತಲ್ಲ. ಆರು-ಏಳನೆಯ ಶತಮಾನದ ಸಮಾಧಿ ದಿಬ್ಬಗಳಲ್ಲಿ ದೊರೆತ ಮಣ್ಣಿನ ಬೊಂಬೆಗಳ ಪೈಕಿ ಭೇರಿ ಬಾರಿಸುವವನ ಬೊಂಬೆಯೂ ಇದೆ. ಯುದ್ಧದಲ್ಲಿ ಸೇನೆಗೆ ಸಂಜ್ಞೆ ಕೊಡಲು, ಹಳ್ಳಿಯಲ್ಲಿ ಮಳೆಯನ್ನು ಬೇಡಲು, ಪೈರಿಗೆ ಬಿದ್ದ ಹುಳುವನ್ನು ಓಡಿಸಲು, ದೇಗುಲದಲ್ಲಿ ಹೊತ್ತನ್ನು ಸಾರಲು, ಪಿತೃಗಳನ್ನು ನೆನೆಯುವ ಓಬೊನ್ ಹಬ್ಬದ ಕುಣಿತಕ್ಕೆ ತಾಳ ಕೊಡಲು, ನೋ ಮತ್ತು ಕಬುಕಿ ನಾಟಕಗಳಲ್ಲಿ ಮಳೆ ಹಿಮಗಳ ಭಾವವನ್ನು ಮೂಡಿಸಲು ತೈಕೊ ಬಳಕೆಯಾಗುತ್ತ ಬಂತು. ಆದರೆ ಇವೆಲ್ಲದರಲ್ಲಿ ಅದರ ಪಾತ್ರ ಬೇರೊಂದು ಕಾರ್ಯಕ್ಕೆ ಪರಿಚಾರಿಕೆಯದು. ಪೂಜೆಗೆ ಭೇರಿ, ಕುಣಿತಕ್ಕೆ ಭೇರಿ, ನಾಟಕಕ್ಕೆ ಭೇರಿ. ಭೇರಿಗಾಗಿಯೇ ಭೇರಿ ಎಂಬುದು ಇರಲಿಲ್ಲ.

ನಮ್ಮ ನಾಡಿನ ಡೊಳ್ಳು ಕುಣಿತವನ್ನು ಕಂಡವರಿಗೆ ಹತ್ತು ಹನ್ನೆರಡು ಮಂದಿ ಕೂಡಿ ಬಾರಿಸುವುದು ಏನೂ ವಿಶೇಷವಲ್ಲ. ಜಪಾನಿನಲ್ಲಿ ಮಾತ್ರ, ಗಾತ್ರದಲ್ಲೂ ಶ್ರುತಿಯಲ್ಲೂ ಬೇರೆಬೇರೆಯಾದ ಭೇರಿಗಳೇ ಒಂದು ವೃಂದವಾಗಿ ರಂಗದ ನಡುವೆ ನಿಲ್ಲುವ ಕಲೆ ಹುಟ್ಟಿದ್ದು 1951ರಲ್ಲಿ. ಅದನ್ನು ಹುಟ್ಟಿಸಿದಾತ ದೇಗುಲದ ಅರ್ಚಕನಲ್ಲ, ಹಳ್ಳಿಯ ಹಿರಿಯನಲ್ಲ. ಜಾಝ್ ಸಂಗೀತದಲ್ಲಿ ಡ್ರಮ್ ಬಾರಿಸುತ್ತಿದ್ದ ಒಬ್ಬ ತರುಣ. ನಾಗಾನೊ ಪ್ರಾಂತದ ಸುವಾ ಸರೋವರದ ದಡದಲ್ಲಿರುವ ಓಕಾಯಾ ಪಟ್ಟಣದ ದೈಹಚಿ ಓಗುಚಿ ಎಂಬ ಈತನ ಕೈಗೆ ಅಲ್ಲಿನ ಪ್ರಸಿದ್ಧ ಸುವಾ ದೇವಾಲಯಕ್ಕೆ ಸಂಬಂಧಪಟ್ಟ ಹಳೆಯದೊಂದು ಭೇರಿ ಗತ್ತಿನ ಬರಹ ಬಂತು. ಹಳೆಯ ಸಂಕೇತಗಳಲ್ಲಿದ್ದ ಅದನ್ನು ಬಲ್ಲವರಿಂದ ಕೇಳಿ ತಿಳಿದುಕೊಂಡ ಓಗುಚಿಗೆ ಒಂದು ಪ್ರಶ್ನೆ ಕಾಡಿತು: ಭೇರಿಗಳನ್ನು ಒಟ್ಟಿಗೆ ಏಕೆ ಬಾರಿಸಬಾರದು?

ಜಾಝ್ ವಾದಕನೊಬ್ಬ ತನ್ನ ಸುತ್ತ ನಾಲ್ಕಾರು ಡ್ರಮ್ಮುಗಳನ್ನಿಟ್ಟುಕೊಂಡು ಒಬ್ಬನೇ ಬಾರಿಸುತ್ತಾನೆ. ಓಗುಚಿ ಆ ಒಬ್ಬನ ಕೆಲಸವನ್ನು ಹಲವರಿಗೆ ಹಂಚಿದ. ಹಗ್ಗದಿಂದ ಬಿಗಿದ, ಎತ್ತರದ ದನಿಯ ಚಿಕ್ಕ ಶಿಮೆ-ದೈಕೊ ಬಿಡದೆ ಲಯವನ್ನು ಹಿಡಿಯಬೇಕು. ಮರದ ದಿಮ್ಮಿಯನ್ನು ಕೊರೆದು ಮಾಡಿದ, ಪೀಪಾಯಿಯಾಕಾರದ ನಗಾದೊ-ದೈಕೊ ಗತ್ತನ್ನು ನುಡಿಯಬೇಕು. ಎಲ್ಲಕ್ಕೂ ದೊಡ್ಡದಾದ ಓ-ದೈಕೊ ಗುಡುಗಿನಂತೆ ಅಡಿಪಾಯ ಹಾಕಬೇಕು. ಈ ಬಗೆಯ ಕೂಟವಾದನಕ್ಕೆ ಕುಮಿ-ದೈಕೊ ಎಂಬ ಹೆಸರು ಬಂತು. ಓಗುಚಿಯ ತಂಡವಾದ ಓಸುವಾ ದೈಕೊ 1964ರಲ್ಲಿ ಟೋಕಿಯೋ ಒಲಿಂಪಿಕ್ ಕ್ರೀಡೆಗಳ ಅಂಗವಾಗಿ ನಡೆದ ಕಲಾಮಹೋತ್ಸವದಲ್ಲಿ ಭಾಗವಹಿಸಿತು. ಅಷ್ಟರಲ್ಲಿ, 1959ರಲ್ಲಿ, ಟೋಕಿಯೋ ನಗರದಲ್ಲಿಯೇ ಸುಕೆರೊಕು ಎಂಬ ಇನ್ನೊಂದು ತಂಡ ಹುಟ್ಟಿತ್ತು. ಓಬೊನ್ ಹಬ್ಬದ ಭೇರಿವಾದನದಲ್ಲಿ ಪಳಗಿದ್ದ ಈ ತರುಣರು ಭೇರಿಯನ್ನು ಓರೆಯಾದ ಪೀಠದ ಮೇಲಿಟ್ಟು, ಒಂದರಿಂದ ಇನ್ನೊಂದಕ್ಕೆ ಸರಿಯುತ್ತ, ಕೈಗಳನ್ನು ವಿಸ್ತಾರವಾಗಿ ಬೀಸುತ್ತ ಬಾರಿಸುವ ನೋಟರಮ್ಯವಾದ ಶೈಲಿಯನ್ನು ರೂಪಿಸಿದರು.

ರಂಗದ ಮೇಲೆ ತೈಕೊ ತಂಡವನ್ನು ಕಂಡವರು ಇದು ಸಾವಿರ ವರ್ಷದ ಹಳೆಯ ಕಲೆಯೆಂದು ಭಾವಿಸುವುದು ಸಹಜ. ವಾದ್ಯ ಹಳೆಯದು, ಕೂಟ ಹೊಸತು. ಇದರಲ್ಲೊಂದು ಅನುಕೂಲವೂ ಉಂಟಾಯಿತು. ಹಳೆಯ ಕಲೆಗಳಿಗೆ ಮನೆತನಗಳ ಹಕ್ಕು, ವಂಶದ ಗುಟ್ಟು, ಗಂಡಸರಿಗೆ ಮಾತ್ರವೆಂಬ ಕಟ್ಟು ಇರುತ್ತವೆ. ಹೊಸ ಕಲೆಗೆ ಆ ಬಾಗಿಲುಗಳು ಇನ್ನೂ ಗಟ್ಟಿಯಾಗಿ ಮುಚ್ಚಿರಲಿಲ್ಲ. ಕಲಿಯಬಂದವರನ್ನು ಗುಂಪಾಗಿ ಕೂಡಿಸಿಕೊಂಡು ಕಲಿಸುವುದು ಸಾಧ್ಯವಾದದ್ದು ಹೀಗೆ.

ಮೊದಲು ಬಾಯಿ, ಆಮೇಲೆ ಕೈ

ತೈಕೊ ಕಮ್ಮಟದ ಮೊದಲ ಪಾಠ ಬಾರಿಸುವುದಲ್ಲ, ನಿಲ್ಲುವುದು. ಎಡಗಾಲನ್ನು ಮುಂದಿಟ್ಟು ಮಂಡಿಯನ್ನು ಮಡಿಸಿ, ಬಲಗಾಲನ್ನು ಹಿಂದಕ್ಕೆ ನೀಡಿ, ನಡುವನ್ನು ತಗ್ಗಿಸಿ, ಬೆನ್ನನ್ನು ನೆಟ್ಟಗಿಟ್ಟು ನಿಲ್ಲಬೇಕು. ನೋಡಲು ಸುಲಭ, ಐದು ನಿಮಿಷ ಹಾಗೆಯೇ ನಿಂತವರಿಗೆ ತೊಡೆ ನಡುಗತೊಡಗುತ್ತದೆ. ಬಳಿಕ ಬಚಿ ಎಂಬ ಎರಡು ಮರದ ಕೋಲುಗಳನ್ನು ಹಿಡಿಯುವ ರೀತಿ. ಮುಷ್ಟಿ ಬಿಗಿದು ಹಿಡಿದರೆ ಕೆಲವೇ ನಿಮಿಷಗಳಲ್ಲಿ ತೋಳು ಸೋಲುತ್ತದೆ. ಕೋಲು ಆಕಾಶವನ್ನು ತೋರುವಂತೆ ತೋಳನ್ನು ಮೇಲೆತ್ತಿ, ಭಾರವನ್ನು ತಾನಾಗಿ ಇಳಿಯಬಿಟ್ಟು, ಕೊನೆಯ ಗಳಿಗೆಯಲ್ಲಿ ಮಣಿಕಟ್ಟನ್ನು ಚಿಮ್ಮಿಸಬೇಕು. ಭೇರಿಯ ದನಿ ತೋಳಿನ ಬಲದಿಂದಲ್ಲ, ನೆಲವನ್ನು ಊರಿದ ಕಾಲಿನಿಂದಲೂ ಹೊಟ್ಟೆಯಿಂದಲೂ ಏಳಬೇಕೆಂದು ಶಿಕ್ಷಕರು ಮತ್ತೆ ಮತ್ತೆ ಹೇಳುತ್ತಾರೆ. ಮೈಕಟ್ಟಿನ ತರುಣನೊಬ್ಬ ಹತ್ತು ನಿಮಿಷಕ್ಕೆ ಏದುಸಿರು ಬಿಡುತ್ತಿರುವಾಗ ಪಕ್ಕದಲ್ಲಿರುವ ಅರವತ್ತರ ಅಜ್ಜಿ ಶಾಂತವಾಗಿ ಬಾರಿಸುತ್ತಿರುವುದು ಈ ಕಮ್ಮಟಗಳಲ್ಲಿ ಅಪರೂಪವೇನಲ್ಲ.

ಇನ್ನು ಗತ್ತುಗಳ ಪಾಠ. ಇಲ್ಲಿ ಕನ್ನಡಿಗರಿಗೆ, ಅದರಲ್ಲೂ ಮೃದಂಗದ ಪಾಠವನ್ನು ಕೇಳಿ ಬಲ್ಲವರಿಗೆ, ಒಂದು ಪರಿಚಿತ ಲೋಕವೇ ತೆರೆಯುತ್ತದೆ. ನಮ್ಮ ಮಕ್ಕಳು ‘ತ ದಿ ತೊಂ ನಂ’ ಎಂದು ಬಾಯಲ್ಲಿ ಹೇಳಿಕೊಂಡೇ ಕೈಗೆ ಕಲಿಸುವಂತೆ, ತೈಕೊ ಕಲಿಯುವವರು ಕುಚಿ-ಶೋಗ ಎಂಬ ಬಾಯಿಪಾಠದಿಂದ ಆರಂಭಿಸುತ್ತಾರೆ. ಚರ್ಮದ ನಡುವೆ ಬೀಳುವ ದೊಡ್ಡ ಪೆಟ್ಟಿಗೆ ‘ದೊನ್’. ಬೇಗಬೇಗನೆ ಬೀಳುವ ಎರಡು ಪೆಟ್ಟುಗಳಿಗೆ ‘ದೊಕೊ’. ಮರದ ಅಂಚಿನ ಮೇಲೆ ಬೀಳುವ ಪೆಟ್ಟಿಗೆ ‘ಕ’. ಅದೇ ಎರಡಾದರೆ ‘ಕರ’. ಮೆಲ್ಲನೆಯ ಪೆಟ್ಟಿಗೆ ‘ತ್ಸು’. ಪೆಟ್ಟೇ ಇಲ್ಲದ ಬಿಡುವಿಗೆ ‘ಸು’. ಇಷ್ಟು ಅಕ್ಷರಗಳಾದರೆ ಗತ್ತನ್ನು ಬರೆಯಲು ಕಾಗದ ಬೇಡ, ಸಂಗೀತಲಿಪಿಯನ್ನು ಓದಲು ಬರಬೇಕೆಂದಿಲ್ಲ. ಇಪ್ಪತ್ತು ಮಂದಿ ವೃತ್ತಾಕಾರವಾಗಿ ನಿಂತು, ತೊಡೆ ತಟ್ಟುತ್ತ, ‘ದೊನ್ ದೊಕೊ ದೊನ್ ದೊಕೊ’ ಎಂದು ಒಕ್ಕೊರಲಿನಿಂದ ಹೇಳುತ್ತಿರುವಾಗಲೇ ಪಾಠದ ಅರ್ಧ ಭಾಗ ಮುಗಿದಿರುತ್ತದೆ. ಬಾಯಿಗೆ ಬಂದದ್ದು ಕೈಗೆ ಬಾರದೆ ಇರದು.

ಬಿಡುವಿಗೂ ಒಂದು ಅಕ್ಷರವನ್ನಿಟ್ಟಿರುವುದನ್ನು ಗಮನಿಸಬೇಕು. ಎರಡು ಪೆಟ್ಟುಗಳ ನಡುವಣ ಮೌನಕ್ಕೆ ಜಪಾನೀಯರು ‘ಮಾ’ ಎನ್ನುತ್ತಾರೆ. ಅದು ಬರಿಯ ಖಾಲಿ ಜಾಗವಲ್ಲ, ಮುಂದಿನ ಪೆಟ್ಟಿಗೆ ಜೀವ ತುಂಬುವ ಕಾಲ. ಹೊಸಬರು ಎಡವುವುದು ಇಲ್ಲಿಯೇ. ಬಾರಿಸುವುದನ್ನು ಎಲ್ಲರೂ ಬೇಗ ಕಲಿಯುತ್ತಾರೆ, ಬಾರಿಸದೆ ಇರುವುದನ್ನು ಕಲಿಯಲು ಬಹುಕಾಲ ಬೇಕು.

ಕಿವಿಯ ಪಾಠ

ಗುಂಪಿನಲ್ಲಿ ಕಲಿಯುವುದರ ನಿಜವಾದ ಕಾರಣ ಇಲ್ಲಿದೆ. ಕೂಟವಾದನದಲ್ಲಿ ಒಬ್ಬರು ‘ಜಿ’ ಎಂಬ ಆಧಾರಲಯವನ್ನು ಹಿಡಿದಿರುತ್ತಾರೆ. ಉಳಿದವರ ಗತ್ತು ಎಷ್ಟೇ ವೈವಿಧ್ಯದಿಂದ ಕೂಡಿದ್ದರೂ ಅದು ಈ ಆಧಾರದ ಮೇಲೆ ನಿಲ್ಲಬೇಕು. ಭೇರಿಯ ದನಿ ಎಷ್ಟು ದೊಡ್ಡದೆಂದರೆ ತಾನು ಬಾರಿಸುವುದರಲ್ಲೇ ಮೈಮರೆತವನಿಗೆ ಪಕ್ಕದವನ ಭೇರಿ ಕೇಳಿಸುವುದೇ ಇಲ್ಲ. ಆಗ ಅವನ ಲಯ ಓಡತೊಡಗುತ್ತದೆ. ಉತ್ಸಾಹಕ್ಕೆ ಯಾವಾಗಲೂ ಓಡುವ ಸ್ವಭಾವವಷ್ಟೆ! ಶಿಕ್ಷಕರು ಕೈಯೆತ್ತಿ ನಿಲ್ಲಿಸಿ, ಎಲ್ಲರೂ ಅರ್ಧ ದನಿಗೆ ಇಳಿದು ಆಧಾರಲಯವನ್ನು ಕೇಳಿಸಿಕೊಳ್ಳುವಂತೆ ಹೇಳುತ್ತಾರೆ. ಅದು ಕೇಳಿಸದಷ್ಟು ಗಟ್ಟಿಯಾಗಿ ಬಾರಿಸುವುದು ಶೌರ್ಯವಲ್ಲ, ತಪ್ಪು.

ಭೇರಿಗಳಿಗಿಂತ ಕಲಿಯುವವರು ಹೆಚ್ಚಾಗಿರುವುದು ಎಲ್ಲ ಕಮ್ಮಟಗಳ ಸಾಮಾನ್ಯ ಸ್ಥಿತಿ. ಆದ್ದರಿಂದ ಸರದಿಯ ಮೇಲೆ ಬಾರಿಸಬೇಕಾಗುತ್ತದೆ. ಸರದಿಗಾಗಿ ಕಾಯುವವರು ಸುಮ್ಮನೆ ನಿಲ್ಲುವಂತಿಲ್ಲ. ಬಾಯಲ್ಲಿ ಗತ್ತನ್ನು ನುಡಿಯಬೇಕು, ಬಾರಿಸುವವರನ್ನು ‘ಸೋರೆ!’, ‘ಹಾ!’, ‘ಯೋ!’ ಎಂದು ಕೂಗಿ ಹುರಿದುಂಬಿಸಬೇಕು. ಕಕೆಗೋಯೆ ಎಂಬ ಈ ಕೂಗುಗಳು ಅಲಂಕಾರಕ್ಕಾಗಿ ಇರುವುವಲ್ಲ. ಗತ್ತು ಎಲ್ಲಿ ತಿರುಗಬೇಕೆಂಬ ಸೂಚನೆಯನ್ನು ಅವು ಕೊಡುತ್ತವೆ, ಸೋತ ಸಂಗಾತಿಗೆ ಉಸಿರನ್ನು ಕೊಡುತ್ತವೆ. ಸಂಕೋಚದ ಸ್ವಭಾವದವರಿಗೆ ಭೇರಿಯನ್ನು ಬಾರಿಸುವುದಕ್ಕಿಂತ ಈ ಕೂಗನ್ನು ಕೂಗುವುದೇ ಕಷ್ಟ. ಕಚೇರಿಯಲ್ಲಿ ತಗ್ಗಿದ ದನಿಯಲ್ಲಿ ಮಾತನಾಡಿ ರೂಢಿಯಾದವರ ಗಂಟಲಿನಿಂದ ಮೊದಲ ದಿನ ಹೊರಡುವುದು ಪಿಸುಮಾತಷ್ಟೆ.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1968ರಲ್ಲಿ ತೈಕೊ ಶಾಲೆಯನ್ನು ತೆರೆದ ಸೈಇಚಿ ತನಾಕರ ಶಿಕ್ಷಣಕ್ರಮದಲ್ಲಿ ನಾಲ್ಕು ಅಂಗಗಳು ಸೇರಿವೆ: ಮನಸ್ಸು, ಕೌಶಲ, ದೇಹ, ಮರ್ಯಾದೆ. ಈ ನಾಲ್ಕನೆಯದು ಕಮ್ಮಟದ ಮೊದಲ ಕ್ಷಣದಿಂದಲೇ ಆರಂಭ. ಒಳಗೆ ಬರುವಾಗ ತಲೆಬಾಗಬೇಕು. ಭೇರಿಯ ಮೇಲೆ ಕೈಚೀಲವನ್ನಾಗಲಿ ನೀರಿನ ಸೀಸೆಯನ್ನಾಗಲಿ ಇಡಬಾರದು. ಪಾಠ ಮುಗಿದ ಮೇಲೆ ಭೇರಿಗಳನ್ನು ಹೊತ್ತು ಒಳಗಿಡುವುದು, ನೆಲವನ್ನು ಗುಡಿಸುವುದು ಎಲ್ಲರ ಕೆಲಸ.

ಸಾದೊ ದ್ವೀಪದ ಎರಡು ಬಗೆ

ಜಪಾನಿನ ಪಶ್ಚಿಮ ಕರಾವಳಿಯಾಚೆ, ನಿಗಾತ ಪ್ರಾಂತಕ್ಕೆ ಸೇರಿದ ಸಾದೊ ಎಂಬ ದ್ವೀಪವಿದೆ. ಹಿಂದೆ ಅದು ಗಡೀಪಾರಾದವರ ನೆಲ. ನೋ ನಾಟಕದ ಆಚಾರ್ಯನಾದ ಝೆಆಮಿಯನ್ನು 1434ರಲ್ಲಿ ಅಲ್ಲಿಗೇ ಅಟ್ಟಲಾಗಿತ್ತು. 1969ರಲ್ಲಿ ತಗಾಯಾಸು ದೆನ್ ಎಂಬ ಸಾಹಸಿಯು ತರುಣರನ್ನು ಆ ದ್ವೀಪದಲ್ಲಿ ಕೂಡಿಸಿ ಓಂದೆಕೊಝಾ ಎಂಬ ತಂಡವನ್ನು ಕಟ್ಟಿದ. ದಿನವೂ ಮೈಲಿಗಟ್ಟಲೆ ಓಟ, ಸಾಮೂಹಿಕ ಜೀವನ, ಕಠಿಣವಾದ ಅಭ್ಯಾಸ, ಇವು ಆ ತಂಡದ ವ್ರತಗಳು. 1975ರಲ್ಲಿ ಅವರು ಅಮೆರಿಕದ ಬಾಸ್ಟನ್ ಮ್ಯಾರಥಾನಿನಲ್ಲಿ ಇಪ್ಪತ್ತಾರು ಮೈಲಿಗಳನ್ನು ಓಡಿ, ಓಟ ಮುಗಿದೊಡನೆಯೇ ಭೇರಿ ಬಾರಿಸಿ ನೆರೆದವರನ್ನು ಬೆರಗುಗೊಳಿಸಿದರು. ಮುಂದೆ ದೆನ್ ಅಗಲಿದ ಬಳಿಕ ಉಳಿದವರು 1981ರಲ್ಲಿ ಕೊದೊ ಎಂಬ ಹೆಸರಿನಿಂದ ಬರ್ಲಿನ್ನಿನಲ್ಲಿ ರಂಗವೇರಿದರು. ಕೊದೊ ಎಂದರೆ ಹೃದಯದ ಬಡಿತ. ಬರೆಯುವ ಅಕ್ಷರಗಳ ಅರ್ಥವನ್ನು ಹಿಡಿದರೆ ಭೇರಿಯ ಮಕ್ಕಳು. ಗರ್ಭದಲ್ಲಿರುವ ಶಿಶು ಕೇಳುವ ತಾಯಿಯ ಎದೆಬಡಿತವೇ ಮೊದಲ ಭೇರಿಯೆಂಬುದು ಅವರ ಭಾವನೆ. ಆ ತಂಡ ಐವತ್ತಕ್ಕೂ ಹೆಚ್ಚು ದೇಶಗಳಲ್ಲಿ ಪ್ರದರ್ಶನ ನೀಡಿದೆ.

ಕೊದೊ ತಂಡವನ್ನು ಸೇರಬಯಸುವವರು ಸಾದೊದ ಹಳೆಯ ಶಾಲಾಕಟ್ಟಡವೊಂದರಲ್ಲಿ ಎರಡು ವರ್ಷ ಶಿಷ್ಯವೃತ್ತಿ ಮಾಡಬೇಕು. ಬೆಳಗಿನ ಓಟ, ಗದ್ದೆಯ ಕೆಲಸ, ಅಡಿಗೆ, ಹಾಡು, ಕುಣಿತ, ಚಹಾ ನೀಡುವ ವಿಧಿ, ತಮ್ಮ ಕೋಲುಗಳನ್ನು ತಾವೇ ಕೆತ್ತಿಕೊಳ್ಳುವುದು, ಇವೆಲ್ಲ ಸೇರಿ ಅಲ್ಲಿನ ಪಾಠ. ಎರಡು ವರ್ಷ ಮುಗಿಸಿದವರೆಲ್ಲರೂ ತಂಡಕ್ಕೆ ಆಯ್ಕೆಯಾಗುವರೆಂಬ ಭರವಸೆಯಿಲ್ಲ. ಅದೇ ದ್ವೀಪದಲ್ಲಿ 2007ರಲ್ಲಿ ಪ್ರವಾಸಿಗಳಿಗಾಗಿ ತೈಕೊ ಕೇಂದ್ರವೊಂದು ತೆರೆಯಿತು. ಅಲ್ಲಿ ಕೋಲನ್ನು ಎಂದೂ ಹಿಡಿಯದವರೂ ಸುಮಾರು ಒಂದು ಗಂಟೆಯ ಕಾಲ ದೊಡ್ಡ ಭೇರಿಯ ಮುಂದೆ ನಿಂತು ಬಾರಿಸಬಹುದು. ಮಕ್ಕಳನ್ನು ಕರೆದುಕೊಂಡು ಬರುವ ಸಂಸಾರಗಳಿಗೂ ಅಲ್ಲಿ ಸ್ವಾಗತವುಂಟು.

ಎರಡು ವರ್ಷವೆಲ್ಲಿ, ಒಂದು ಗಂಟೆಯೆಲ್ಲಿ! ಒಂದು ಗಂಟೆಯ ಪಾಠವನ್ನು ಕಲೆಯೆಂದು ಕರೆಯುವುದು ಅತಿಶಯೋಕ್ತಿಯಾದೀತು. ಅದು ಕಲೆಯ ಹೊಸಿಲು ಮಾತ್ರ. ಅದನ್ನು ದಾಟಿ ಒಳಗೆ ಹೋದವರು ವಾರವಾರವೂ ಸೇರಿ ವರ್ಷಗಟ್ಟಲೆ ಬೆವರು ಸುರಿಸಬೇಕು. ಆದರೆ ಹೊಸಿಲೇ ಇಲ್ಲದ ಮನೆಗೆ ಯಾರೂ ಬಾರರು. 1988ರಿಂದ ಕೊದೊ ತಂಡ ಸಾದೊದಲ್ಲಿ ನಡೆಸುತ್ತ ಬಂದಿರುವ ‘ಭೂಮಿಯ ಉತ್ಸವ’ದಲ್ಲಿ ಪ್ರದರ್ಶನಗಳ ಜೊತೆಗೆ ಕಮ್ಮಟಗಳಿಗೂ ಜಾಗವಿದೆ. 1997ರಲ್ಲಿ ಲಾಸ್ ಏಂಜಲೀಸಿನಲ್ಲಿ ಉತ್ತರ ಅಮೆರಿಕದ ಮೊದಲ ತೈಕೊ ಸಮ್ಮೇಳನ ನಡೆಯಿತು. ಬೇರೆಬೇರೆ ಊರಿನ ತಂಡಗಳು ಒಂದೇ ಚಾವಣಿಯ ಕೆಳಗೆ ಕುಳಿತು ಪರಸ್ಪರ ಕಲಿಯುವ ಪದ್ಧತಿ ಅಲ್ಲಿಂದ ಬಲಗೊಂಡಿತು.

ಮೌನ ಮುರಿದವರು

ತೈಕೊ ಅಮೆರಿಕದಲ್ಲಿ ಹರಡಿದ ಬಗೆಗೆ ಒಂದು ನೋವಿನ ಹಿನ್ನೆಲೆಯಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರ ಫೆಬ್ರವರಿಯ ಆಜ್ಞೆಯೊಂದರ ಮೇರೆಗೆ, ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ನೆಲಸಿದ್ದ ಸುಮಾರು 1,20,000 ಮಂದಿ ಜಪಾನೀ ಮೂಲದವರನ್ನು ಮನೆ ಹೊಲ ಅಂಗಡಿಗಳಿಂದ ಎಬ್ಬಿಸಿ, ಮುಳ್ಳುತಂತಿಯ ಶಿಬಿರಗಳಲ್ಲಿ ಕೂಡಿಹಾಕಲಾಯಿತು. ಅವರಲ್ಲಿ ಮೂರನೆಯ ಎರಡು ಪಾಲು ಅಮೆರಿಕದಲ್ಲಿಯೇ ಹುಟ್ಟಿದ ಪ್ರಜೆಗಳು. ಯುದ್ಧ ಮುಗಿದು ಹೊರಗೆ ಬಂದವರು ಆ ದಿನಗಳ ಮಾತನ್ನೇ ಆಡಲಿಲ್ಲ. ಸದ್ದಿಲ್ಲದೆ ದುಡಿದು, ತಲೆತಗ್ಗಿಸಿ ನಡೆದು, ತಮ್ಮ ಭಾಷೆಯನ್ನೂ ಹಬ್ಬಗಳನ್ನೂ ಆದಷ್ಟು ಮರೆಯಲ್ಲಿಟ್ಟು ಮಕ್ಕಳನ್ನು ಬೆಳೆಸಿದರು. ಸದ್ದು ಮಾಡದವರು ಎಂಬುದೇ ಅವರಿಗೆ ಅಂಟಿದ ಬಿರುದಾಯಿತು.

ಮೂರನೆಯ ತಲೆಮಾರಿನವರು ಬೆಳೆದು ದೊಡ್ಡವರಾಗುವ ವೇಳೆಗೆ ಅಮೆರಿಕದಲ್ಲಿ ಕರಿಯರ ಹಕ್ಕುಗಳ ಹೋರಾಟ ನಡೆದಿತ್ತು. ತಾವು ಯಾರೆಂಬ ಪ್ರಶ್ನೆ ಈ ತರುಣರನ್ನೂ ಕಾಡಿತು. ಲಾಸ್ ಏಂಜಲೀಸಿನ ಸೆನ್ಶಿನ್ ಬೌದ್ಧ ಮಂದಿರದಲ್ಲಿ 1969ರ ಓಬೊನ್ ಹಬ್ಬ ಮುಗಿದು ಭೇರಿಯನ್ನು ಒಳಗಿಡುವ ಹೊತ್ತಿನಲ್ಲಿ ಕೆಲವರು ಅದನ್ನು ಬಾರಿಸತೊಡಗಿ ಬಹಳ ಹೊತ್ತು ನಿಲ್ಲಿಸಲೇ ಇಲ್ಲ. ಅಲ್ಲಿಂದ ಹುಟ್ಟಿದ ತಂಡಕ್ಕೆ ಅವರಿಟ್ಟ ಹೆಸರು ಕಿನ್ನರ ತೈಕೊ. ನಮ್ಮ ಪುರಾಣಗಳ ಗಾಯಕರಾದ ಅದೇ ಕಿನ್ನರರು ಬೌದ್ಧಗ್ರಂಥಗಳ ಮೂಲಕ ಜಪಾನಿಗೂ, ಅಲ್ಲಿಂದ ಸಾಗರದಾಚೆಗೂ ನಡೆದುಹೋದರು! 1973ರಲ್ಲಿ ಸ್ಯಾನ್ ಹೋಸೆ ನಗರದಲ್ಲಿ ಇನ್ನೊಂದು ತಂಡ ಹುಟ್ಟಿತು.

ಈ ತಂಡಗಳಿಗೆ ಜಪಾನಿನಿಂದ ಭೇರಿಗಳನ್ನು ತರಿಸುವ ಶಕ್ತಿ ಎಲ್ಲಿಂದ ಬರಬೇಕು? ದಿಮ್ಮಿಯಿಂದ ಕೊರೆದ ಭೇರಿ ಬಹಳ ಬೆಲೆಯದು. ಕ್ಯಾಲಿಫೋರ್ನಿಯದಲ್ಲಿ ದ್ರಾಕ್ಷಾರಸ ತುಂಬಿಡುವ ಓಕ್ ಮರದ ಹಳೆಯ ಪೀಪಾಯಿಗಳಿಗೆ ಕೊರತೆಯಿರಲಿಲ್ಲ. ಅವನ್ನು ತಂದು, ಉಜ್ಜಿ, ನೆನೆಸಿದ ಹಸುವಿನ ತೊಗಲನ್ನು ಎಳೆದು ಮೊಳೆ ಹೊಡೆದು, ತಮ್ಮ ಭೇರಿಗಳನ್ನು ತಾವೇ ಮಾಡಿಕೊಂಡರು. ಹಳೆಯ ಮೋಟಾರು ಟೈರುಗಳಿಗೆ ಅಂಟುಪಟ್ಟಿಯನ್ನು ಬಿಗಿಯಾಗಿ ಸುತ್ತಿ ಅದರ ಮೇಲೆ ಅಭ್ಯಾಸ ಮಾಡುವ ಉಪಾಯವೂ ಹರಡಿತು. ಇಂದಿಗೂ ಎಷ್ಟೋ ತಂಡಗಳ ಹೊಸ ಶಿಷ್ಯರು ಮೊದಲು ಬಾರಿಸುವುದು ಟೈರನ್ನೇ.

ತಮ್ಮ ಮಕ್ಕಳು ನಡುಬೀದಿಯ ಉತ್ಸವದಲ್ಲಿ, ಎಲ್ಲರೆದುರು, ಕಿವಿಗಡಚಿಕ್ಕುವಂತೆ ಭೇರಿ ಬಾರಿಸುವುದನ್ನು ಕಂಡ ತಂದೆತಾಯಿಗಳ ಮನಸ್ಸಿನಲ್ಲಿ ಏನೇನು ಎದ್ದಿರಬಹುದೆಂಬುದನ್ನು ಊಹಿಸಬಹುದು. ಕೆಲವರ್ಷಗಳಲ್ಲಿ ಶಿಬಿರಗಳ ಕಥೆಗಳೂ ಹೊರಬಂದವು. 1981ರ ವಿಚಾರಣೆಗಳಲ್ಲಿ ವೃದ್ಧರು ಎದ್ದು ನಿಂತು ಸಾಕ್ಷಿ ನುಡಿದರು. 1988ರಲ್ಲಿ ಅಮೆರಿಕದ ಸರ್ಕಾರ ಕಾನೂನಿನ ಮೂಲಕ ಕ್ಷಮೆ ಕೇಳಿ, ಬದುಕಿದ್ದ ಪ್ರತಿಯೊಬ್ಬರಿಗೂ 20,000 ಡಾಲರುಗಳ ಪರಿಹಾರವನ್ನು ಕೊಟ್ಟಿತು. ಭೇರಿಯಿಂದಲೇ ಇದೆಲ್ಲ ಆಯಿತೆಂದು ಹೇಳುವಂತಿಲ್ಲ. ಆದರೆ ಮಾತು ಮರೆತವರ ಮನೆಯಲ್ಲಿ ಮೊದಲು ಎದ್ದ ದೊಡ್ಡ ದನಿಗಳಲ್ಲಿ ಭೇರಿಯದೂ ಒಂದು. ಮಾಂಜನಾರ್ ಎಂಬಲ್ಲಿದ್ದ ಶಿಬಿರದ ನೆಲಕ್ಕೆ ನಡೆಯುವ ವಾರ್ಷಿಕ ಯಾತ್ರೆಯಲ್ಲಿ ತೈಕೊ ಮೊಳಗುತ್ತದೆ.

ಉಝುಮೆಯ ಮಕ್ಕಳು

ಪುರಾಣದಲ್ಲಿ ತೊಟ್ಟಿಯನ್ನು ಸದ್ದುಮಾಡಿಸಿದವಳು ಹೆಣ್ಣು. ಆದರೆ ಹಳ್ಳಿಯ ಹಬ್ಬಗಳಲ್ಲಿ ಭೇರಿ ಬಹುತೇಕ ಗಂಡಸರ ಸೊತ್ತಾಗಿತ್ತು. ಕೆಲವೆಡೆ ಹೆಂಗಸರು ಅದನ್ನು ಮುಟ್ಟುವಂತೆಯೂ ಇರಲಿಲ್ಲ. ಟೋಕಿಯೋದ ದಕ್ಷಿಣಕ್ಕೆ ಕಡಲ ನಡುವೆ ಇರುವ ಹಚಿಜೊ ದ್ವೀಪದಂಥ ಕೆಲವು ಕಡೆ ಮಾತ್ರ ಹೆಂಗಸರೂ ಬಾರಿಸುವ ರೂಢಿಯಿತ್ತು. ಅಲ್ಲಿನ ಪದ್ಧತಿ ಬಹು ಸೊಗಸಾದುದು. ಒಂದೇ ಭೇರಿಯ ಎರಡು ಮುಖಗಳ ಮುಂದೆ ಇಬ್ಬರು ನಿಲ್ಲುತ್ತಾರೆ. ಒಬ್ಬರು ಬಿಡದೆ ಆಧಾರಲಯವನ್ನು ಹಿಡಿಯುತ್ತಾರೆ. ಇನ್ನೊಬ್ಬರು ಮನಬಂದಂತೆ ಅದರ ಮೇಲೆ ಗತ್ತುಗಳನ್ನು ಹೆಣೆಯುತ್ತಾರೆ. ಒಬ್ಬರು ಊರಿ ನಿಂತುದರಿಂದಲೇ ಇನ್ನೊಬ್ಬರಿಗೆ ಹಾರಲು ಸಾಧ್ಯ.

ಗುಂಪಿನ ಕಲಿಕೆ ಬಂದಮೇಲೆ ಸ್ಥಿತಿ ಬದಲಾಯಿತು. ಇಂದು ಉತ್ತರ ಅಮೆರಿಕದ ತೈಕೊ ವಾದಕರಲ್ಲಿ ಹೆಚ್ಚಿನವರು ಸ್ತ್ರೀಯರು. ಜಪಾನಿನ ಹವ್ಯಾಸಿ ತಂಡಗಳಲ್ಲಿಯೂ ಅವರ ಸಂಖ್ಯೆ ದೊಡ್ಡದು. 1997ರಲ್ಲಿ ಟೋಕಿಯೋದಲ್ಲಿ ಕಾವೊರಿ ಅಸಾನೊ ಎಂಬಾಕೆಯ ನೇತೃತ್ವದಲ್ಲಿ ಗೊಕೂ ಎಂಬ ತಂಡ ಹುಟ್ಟಿತು. ಹಾಗೆಂದು ಸಮಸ್ಯೆ ಸಂಪೂರ್ಣವಾಗಿ ತೀರಿತೆಂದಲ್ಲ. ರಂಗದ ನಡುವಣ ಮಹಾಭೇರಿಯ ಮುಂದೆ ಬೆನ್ನುತೋರಿ ನಿಲ್ಲುವ ವಾದಕನ ಚಿತ್ರ ಇಂದಿಗೂ ಹೆಚ್ಚಾಗಿ ಗಂಡಸಿನದೇ. ಕಮ್ಮಟದಲ್ಲಿ ಹೆಂಗಸರು ಹೆಚ್ಚು, ವೃತ್ತಿರಂಗದಲ್ಲಿ ಗಂಡಸರು ಹೆಚ್ಚು ಎಂಬ ಈ ವ್ಯತ್ಯಾಸ ಯೋಚಿಸತಕ್ಕದ್ದು.

ತೊಗಲು ಹದಮಾಡಿದ ಕೈ

ತೈಕೊ ಕಲಿಯುವವರು ಅರಿಯಬೇಕಾದ ಇನ್ನೊಂದು ಋಣವುಂಟು. ಒಳ್ಳೆಯ ಭೇರಿಗೆ ಕೇಯಕಿ ಎಂಬ ಗಟ್ಟಿಮರದ ದಿಮ್ಮಿಯೇ ಆಗಬೇಕು. ಅದನ್ನು ಕೊರೆದು ಟೊಳ್ಳುಮಾಡಿ ಹಲವು ವರ್ಷ ಒಣಗಿಸುತ್ತಾರೆ. ಹದಮಾಡಿದ ಹಸುವಿನ ತೊಗಲನ್ನು ಬಾಯಿಗೆ ಹಾಸಿ, ಸುತ್ತಲೂ ಹಗ್ಗದಿಂದ ಜಗ್ಗಿ, ಕೆಲಸಗಾರರು ಅದರ ಮೇಲೆ ಹತ್ತಿ ತುಳಿದು ಹಿಗ್ಗಿಸಿ, ಶ್ರುತಿ ಕೂಡಿದ ಮೇಲೆ ಮೊಳೆ ಹೊಡೆಯುತ್ತಾರೆ. ಇಶಿಕಾವ ಪ್ರಾಂತದ ಅಸಾನೊ ಮನೆತನ 1609ರಿಂದಲೂ, ಟೋಕಿಯೋದ ಮಿಯಾಮೊತೊ ಸಂಸ್ಥೆ 1861ರಿಂದಲೂ ಈ ಕಸುಬನ್ನು ನಡೆಸುತ್ತಿವೆ.

ತೊಗಲಿನ ಕೆಲಸವನ್ನು ಮೈಲಿಗೆಯೆಂದು ಎಣಿಸಿ, ಅದನ್ನು ಮಾಡುವವರನ್ನು ಊರಾಚೆ ಇಟ್ಟದ್ದು ನಮ್ಮ ದೇಶ ಮಾತ್ರವಲ್ಲ. ಜಪಾನಿನಲ್ಲಿಯೂ ಬುರಾಕುಮಿನ್ ಎಂದು ಕರೆಯಲಾದ ಜನ ಶತಮಾನಗಳ ಕಾಲ ಈ ಅವಮಾನವನ್ನು ಉಂಡರು. 1871ರ ರಾಜಾಜ್ಞೆ ಕಾಗದದ ಮೇಲೆ ಭೇದವನ್ನು ಅಳಿಸಿತು. ಮನಸ್ಸಿನ ಭೇದ ಅಳಿಯಲಿಲ್ಲ. ಮದುವೆಯಲ್ಲಿ, ಉದ್ಯೋಗದಲ್ಲಿ ಅದು ಮತ್ತೆ ಮತ್ತೆ ತಲೆಯೆತ್ತಿತು. ಸಮಾನತೆಗಾಗಿ ಅವರೇ 1922ರಲ್ಲಿ ಸುಇಹೆಯ್‌ಶ ಎಂಬ ಸಂಘವನ್ನು ಕಟ್ಟಿ ಹೋರಾಡಬೇಕಾಯಿತು. ಅವರು ಮಾಡಿದ ಭೇರಿ ದೇವಾಲಯದ ಒಳಗೆ ಪೂಜ್ಯವಾಯಿತು, ಮಾಡಿದ ಕೈ ಮಾತ್ರ ಹೊರಗುಳಿಯಿತು. ತಮಟೆಯ ದನಿಯಿಲ್ಲದೆ ಜಾತ್ರೆ ಹೊರಡದ, ಆದರೆ ತಮಟೆ ಹಿಡಿದವನು ದೂರ ನಿಲ್ಲಬೇಕಾಗಿದ್ದ ನಮ್ಮ ಹಳ್ಳಿಗಳನ್ನು ಬಲ್ಲವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಓಸಾಕ ನಗರದ ನನಿವಾ ಎಂಬ ಭಾಗ ಹಿಂದಿನಿಂದಲೂ ತೊಗಲು ಮತ್ತು ಭೇರಿಗಳ ಕಸುಬಿಗೆ ಹೆಸರಾದುದು. ಆ ಕೇರಿಯ ತರುಣರು ಭೇರಿಯನ್ನು ಮಾಡುವುದನ್ನು ಕಂಡು ಬೆಳೆದವರೇ ಹೊರತು ರಂಗದ ಮೇಲೆ ನಿಂತು ಬಾರಿಸಿದವರಲ್ಲ. 1987ರಲ್ಲಿ ಅವರು ತಮ್ಮದೇ ಆದ ತೈಕೊ ತಂಡವನ್ನು ಕಟ್ಟಿದರು. ಅದಕ್ಕಿಟ್ಟ ಹೆಸರು ‘ಇಕಾರಿ’, ಎಂದರೆ ಕೋಪ. ಆ ಕೋಪ ಯಾರ ಮೇಲೂ ಕೈಯೆತ್ತಲಿಲ್ಲ, ಭೇರಿಯ ಮೇಲೆ ಲಯವಾಗಿ ಬಿತ್ತು. ಮಾಡಿದವರೇ ಬಾರಿಸಿದಾಗ ಆ ದನಿಗೆ ಹೊಸದೊಂದು ಅರ್ಥ ಬಂತು. ಭೇರಿಯ ಮುಂದೆ ತಲೆಬಾಗುವ ಮರ್ಯಾದೆ ಅದನ್ನು ಮಾಡಿದವರನ್ನು ಮುಟ್ಟದಿದ್ದರೆ ಆ ಮರ್ಯಾದೆ ಅಪೂರ್ಣವೆಂಬ ಪಾಠ ಇದರಲ್ಲಿದೆ.

ಕಲಿಯುವವರಿಗೆ ಎರಡು ಮಾತು

ತೈಕೊ ಕಲಿಕೆಗೆ ವಯಸ್ಸಿನ ಕಟ್ಟಿಲ್ಲ. ಆದರೆ ಎಚ್ಚರಿಕೆ ಬೇಕು. ಮುಚ್ಚಿದ ಕೊಠಡಿಯಲ್ಲಿ ಹತ್ತಾರು ಭೇರಿಗಳು ಮೊಳಗಿದರೆ ಕಿವಿಗೆ ಹಾನಿಯಾಗುವ ಸಂಭವವುಂಟು. ಕಿವಿಗೆ ಬಿರಡೆ ಹಾಕಿಕೊಳ್ಳುವುದು ಹೇಡಿತನವಲ್ಲ. ಬೆರಳುಗಳಿಗೆ ಪಟ್ಟಿ ಸುತ್ತಿಕೊಂಡರೆ ಬೊಬ್ಬೆಗಳು ಕಡಿಮೆ. ಬೆನ್ನು ಮಂಡಿಗಳ ನೋವಿರುವವರು ಮೊದಲೇ ಶಿಕ್ಷಕರಿಗೆ ತಿಳಿಸಿ ನಿಲುವನ್ನು ಬದಲಿಸಿಕೊಳ್ಳಬಹುದು. ಒಂದು ಊರಿನ ಗತ್ತನ್ನು ಕಮ್ಮಟದಲ್ಲಿ ಕಲಿತವರು ಅದನ್ನು ತಮ್ಮದೆಂದು ಮೆರೆಸದೆ, ಆ ಊರಿನ ಹೆಸರನ್ನೂ ಕಲಿಸಿದವರ ಹೆಸರನ್ನೂ ಹೇಳಿ, ಅವರ ಒಪ್ಪಿಗೆಯನ್ನು ಪಡೆದು ಬಾರಿಸುವುದು ಲೇಸು. ಗತ್ತು ಗಾಳಿಯಲ್ಲಿ ಹುಟ್ಟುವುದಿಲ್ಲ, ಯಾರದೋ ಹಬ್ಬದಲ್ಲಿ, ಯಾರದೋ ಬೆವರಿನಲ್ಲಿ ಹುಟ್ಟಿರುತ್ತದೆ.

ಓಗುಚಿ 2008ರಲ್ಲಿ, ತಮ್ಮ 84ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರು 1951ರಲ್ಲಿ ಕೇಳಿದ ಪ್ರಶ್ನೆ ಸಂಗೀತದ ಪ್ರಶ್ನೆಯಾಗಿತ್ತು. ಅದಕ್ಕೆ ಬಂದ ಉತ್ತರ ಸಂಗೀತವನ್ನು ಮೀರಿ ಬೆಳೆಯಿತು. ಒಟ್ಟಿಗೆ ಬಾರಿಸುವುದೆಂದರೆ ಒಂದೇ ಬಗೆಯಾಗಿ ಬಾರಿಸುವುದಲ್ಲ. ಚಿಕ್ಕ ಭೇರಿ ಚಿಕ್ಕದಾಗಿಯೇ, ದೊಡ್ಡದು ದೊಡ್ಡದಾಗಿಯೇ ಇದ್ದು, ತನ್ನ ಪಾಲಿನ ಪೆಟ್ಟನ್ನು ತಕ್ಕ ಗಳಿಗೆಯಲ್ಲಿ ಹಾಕಿ, ಉಳಿದ ಗಳಿಗೆಯಲ್ಲಿ ಇನ್ನೊಬ್ಬರ ಪೆಟ್ಟಿಗೆ ಕಿವಿಗೊಡುವುದು. ಮನೆ, ಕಚೇರಿ, ಊರು, ಎಲ್ಲಿಯಾದರೂ ಕೂಡಿ ಬಾಳುವವರಿಗೆ ಇದಕ್ಕಿಂತ ಹೆಚ್ಚಿನ ಪಾಠ ಬೇಕಾಗದು. ಒಬ್ಬರ ದನಿಯಲ್ಲಿ ಇನ್ನೊಬ್ಬರ ದನಿ ಮುಳುಗದಂತೆ ಬಾರಿಸಲು ಬಂದ ದಿನ ಶಿಷ್ಯನು ತೈಕೊ ಕಲಿಯತೊಡಗಿದನೆಂದು ಹೇಳಬಹುದು.